ಗಿಲ್ಬರ್ಟ್ ಲಾರ್ನನ ಕೆನ್ನೆಯ ಮಚ್ಚೆ

ಮೇವಿಸ್ ಟ್ಯಾಮ್ಸ್‌ಳನ್ನು ಕಟ್ಟಿಕೊಂಡು ಯಾರ ಮನೆಗೂ ಊಟಕ್ಕೆ ಹೋಗಬಾರದು. ಹೋಗಿ ಅನುಭವಿಸಿದವಳು ಹೇಳುತ್ತಿದ್ದೇನೆ, ಕೇಳಿ. ನನ್ನ ಮಗಳು ಮದುವೆಯಾಗಲಿದ್ದ ಹುಡುಗನ ಮನೆಯವರು ಚೆಲ್ಟನ್‌ಹ್ಯಾಮಿನಲ್ಲಿ ಭಾನುವಾರದ ಊಟಕ್ಕೆ ಕರೆದಿದ್ದರು. ನನ್ನ ಗಂಡನಿಗೆ ಸೊಂಟ ಹಿಡಿದುಕೊಂಡಿತ್ತು. ಒಬ್ಬಳೇ ಹೇಗೆ ಹೋಗುವುದೆಂದು ಇವಳನ್ನು ಕರೆದುಕೊಂಡು ಹೋದೆ, ನನ್ನ ಬುದ್ಧಿಗೆ ಏನು ಹೇಳಲಿ. ಬಿಳಿ ಮೇಜುಬಟ್ಟೆ, ಹುರಿದ ಮಾಂಸ, ಬೆಳ್ಳಿಯ ಚಮಚಗಳು. ಬೀಗಿತ್ತಿ ನಗುನಗುತ್ತಾ ಗ್ರೇವಿಯ ಬಟ್ಟಲನ್ನು ಇವಳ ಕೈಗೆ ಕೊಟ್ಟರು. ಇವಳು ತೆಗೆದುಕೊಂಡವಳೇ ಅದನ್ನು ತಿರುಗಿಸಿ ತಳ ನೋಡಿದಳು. ಒಳಗೆ ಗ್ರೇವಿ ಇರುವಾಗಲೇ.

"ನಮ್ಮ ಪಕ್ಕದೂರು ಲಾಂಗ್ಟನ್ ಮಾಲು," ಅಂದಳು, ಮೇಜುಬಟ್ಟೆಯ ಮೇಲೆ ಗ್ರೇವಿ ಹರಿಯುತ್ತಿರುವಾಗ. "ಪರವಾಗಿಲ್ಲ. ಆದ್ರೆ ಎರಡನೇ ದರ್ಜೆದು."

ಮದುವೆ ನಿಲ್ಲಲಿಲ್ಲ, ಅದು ನನ್ನ ಪುಣ್ಯ. ಬೀಗಿತ್ತಿ ಮಾತ್ರ ಇವತ್ತಿಗೂ ನಾನು ಹೋದರೆ ಪ್ಲಾಸ್ಟಿಕ್ ಬಟ್ಟಲಲ್ಲಿ ಬಡಿಸುತ್ತಾರೆ.

ನಿಜ ಹೇಳಬೇಕೆಂದರೆ ಈ ಚಟ ಅವಳೊಬ್ಬಳದಲ್ಲ. ಪಿಂಗಾಣಿ ಕಾರ್ಖಾನೆಗಳೇ ತುಂಬಿದ ನಮ್ಮೂರು ಬರ್ಸ್ಲೆಂನಲ್ಲಿ ಹುಟ್ಟಿದ ಯಾರ ಕೈಗಾದರೂ ಒಂದು ತಟ್ಟೆ ಕೊಡಿ, ಮೊದಲು ಬೋರಲು ಹಾಕುತ್ತಾರೆ. ತಳದಲ್ಲಿ ಕಾರ್ಖಾನೆಯ ಮುದ್ರೆ, ಅದರ ಪಕ್ಕದಲ್ಲಿ ಬಣ್ಣ ಹಾಕಿದವಳ ಪುಟ್ಟ ಗುರುತು. ಎಲ್ಲಿಯದು, ಯಾರ ಕೈಯದು, ನಮ್ಮ ಚಿಕ್ಕಮ್ಮ ಕೆಲಸ ಮಾಡಿದ ಕಾರ್ಖಾನೆಯದೋ ಅಲ್ಲವೋ, ಅದು ತಿಳಿಯಬೇಕು. ಮೇಲೆ ಗುಲಾಬಿ ಇದೆಯೋ ಗುಬ್ಬಚ್ಚಿ ಇದೆಯೋ ಆಮೇಲಿನ ಮಾತು. ಸತ್ತವರ ಮನೆಯ ಚಹಾಕ್ಕೆ ಹೋದಾಗಲೂ ನಾವು ಕಪ್ಪು ತಿರುಗಿಸುತ್ತೇವೆ. ವ್ಯತ್ಯಾಸ ಇಷ್ಟೇ, ಖಾಲಿಯಾಗುವ ತನಕ ಕಾಯುವಷ್ಟು ಮರ್ಯಾದೆ ನಮಗಿದೆ.

ಬೆರಿಲ್ ಅನ್ನುವ ನಾನೂ ಅವಳೂ ಒಲರ್‌ಷಾ ಕಾರ್ಖಾನೆಯ ಬಣ್ಣದ ಮನೆಯಲ್ಲಿ ಅಕ್ಕಪಕ್ಕ ಕೂತು ಮುದುಕಿಯರಾದವರು. ಕಿಟಕಿಯ ಪಕ್ಕದ ಸ್ಟೂಲು ಅವಳದು. ಅದಕ್ಕೆ ಮೊದಲು ಅವಳ ಅಮ್ಮನದು. ಬಣ್ಣ ಹಾಕುವವರಿಗೆ ಬೆಳಕೇ ಎಲ್ಲ, ಹಾಗಾಗಿ ಆ ಜಾಗ ಅತ್ಯಂತ ಹಿರಿಯ ಕೈಗೆ ಮಾತ್ರ. ಅವಳ ಗಂಡ ಆರ್ನಲ್ಡ್ ಆವಿಗೆಗೆ ಮಾಲು ತುಂಬುತ್ತಿದ್ದವನು, ಮಣ್ಣಿನ ಧೂಳು ಎದೆಗೆ ಕೂತು ಬೇಗ ಹೋಗಿಬಿಟ್ಟ. ಮಕ್ಕಳಿಲ್ಲ. ಅವಳಿಗೆ ಉಳಿದದ್ದು ಚಾಪೆಲಿನ, ಅಂದರೆ ನಮ್ಮ ಪುಟ್ಟ ಚರ್ಚಿನ ಹಾಡು, ಗುರುವಾರ ಮಾಡುವ ದೋಸೆಯಂಥ ಬಿಸಿ ಓಟ್‌ಕೇಕು, ಮತ್ತೆ ಆ ಸ್ಟೂಲು. ಹಾಗೆಂದು ಅವಳಿಗೆ ಪಾಪ ಅನ್ನಬೇಡಿ. ಪಕ್ಕದಲ್ಲಿ ಕೂತವಳಿಗೆ ಪಾಪ ಅನ್ನಿ.

ಏಕೆಂದರೆ ಅವಳಿಗೆ ಒಂದು ಮಂತ್ರವಿತ್ತು. ಮಾದರಿಯಲ್ಲಿ ಏನಿದೆಯೋ ಅದು ಮಾಲಿನ ಮೇಲೆ ಬರಬೇಕು. ಶಾಲೆ ಬಿಟ್ಟು ಬಂದ ಹೊಸದರಲ್ಲಿ ಅಮ್ಮ ಕಲಿಸಿದ ಪಾಠ ಅದು, ಅವಳು ಅದನ್ನು ಜೀವನಕ್ಕೆಲ್ಲ ಹಚ್ಚಿಬಿಟ್ಟಳು. ಒಮ್ಮೆ ಪತ್ರಿಕೆಯಲ್ಲಿ ಬಂದ ನಮೂನೆ ನೋಡಿ ಉಣ್ಣೆಯ ಅಂಗಿ ಹೆಣೆದಳು. ಅಚ್ಚಿನ ತಪ್ಪಿನಿಂದ ಎಡದ ತೋಳು ಮೊಣಕಾಲಿನ ತನಕ ಬಂತು. "ಅದು ಅಚ್ಚಿನ ತಪ್ಪು ಕಣೇ, ಬಿಚ್ಚಿ ಸರಿಮಾಡು," ಅಂದೆ. "ಪತ್ರಿಕೆಯವರಿಗೆ ಗೊತ್ತಿಲ್ದೆ ಇರತ್ತಾ?" ಅಂದಳು. ಆ ತೋಳನ್ನು ಮಡಚಿ ಮಡಚಿ ಇಡೀ ಚಳಿಗಾಲ ಅದನ್ನೇ ತೊಟ್ಟಳು. ಬಸ್ಸಿನಲ್ಲಿ ಜನ ನೋಡುತ್ತಿದ್ದರು, ಅವಳಿಗೆ ಏನೂ ಅನಿಸಲಿಲ್ಲ. ಪಕ್ಕದಲ್ಲಿ ಕೂತ ನನಗೆ ಅನಿಸಿತು.

ಆ ಕಾಲಕ್ಕೆ ನಮ್ಮ ಕಾರ್ಖಾನೆಯ ಬಾಗಿಲು ತೆರೆದಿದ್ದದ್ದೇ ಸಿನಿಮಾದವರ ಮುಖಗಳಿಂದ. ತಟ್ಟೆ ಬಟ್ಟಲು ಕೊಳ್ಳುವವರು ಕಡಿಮೆಯಾಗಿದ್ದರು. ಹಳೆಯ ನಟನಟಿಯರ ತಲೆಯ ಆಕಾರದ ಪಿಂಗಾಣಿ ಜಗ್ಗಿಗೆ ಮಾತ್ರ ಜನ ಮುಗಿಬೀಳುತ್ತಿದ್ದರು. ಟೋಪಿಯ ಅಂಚೇ ಜಗ್ಗಿನ ಬಾಯಿ, ಬೆನ್ನಿಗೆ ಹಿಡಿ. ಕಡಲುಗಳ್ಳನ ಪಾತ್ರ ಮಾಡಿದವನಿಗೆ ಕತ್ತಿಯ ಹಿಡಿ, ನರ್ತಕಿಗೆ ಬೀಸಣಿಗೆಯ ಹಿಡಿ. ಹೆಸರಿಗೆ ಜಗ್ಗು, ಒಬ್ಬರೂ ಅದರಲ್ಲಿ ಒಂದು ತೊಟ್ಟು ಹಾಲು ಹಾಕುವವರಲ್ಲ. ಗಾಜಿನ ಬೀರುವಿನಲ್ಲಿಟ್ಟು ಧೂಳು ಒರೆಸುವುದೇ ಅವರ ಸಂತೋಷ. ನಮಗೇನು, ಕೆಲಸ ಸಿಕ್ಕಿತು.

ಹೀಗೆ ಇಡೀ ದಿನ ನಟರ ಮುಖ ಬರೆಯುವ ಮೇವಿಸ್ ಸಿನಿಮಾ ನೋಡುತ್ತಿರಲಿಲ್ಲ. ಅವಳಿಗೆ ಅವರೆಲ್ಲ ಬಣ್ಣದ ಲೆಕ್ಕ. ಕಂದುಗಣ್ಣಿನವನು, ತೆಳು ಮೀಸೆಯವನು, ಕೆಂಪು ತಲೆಯವಳು. ಒಂದು ಸಂಜೆ ನನ್ನ ಮನೆಯ ಟಿವಿಯಲ್ಲಿ ಆ ಕೆಂಪು ತಲೆಯವಳದೇ ಸಿನಿಮಾ ಬಂತು. "ನೋಡೇ, ನಿನ್ನ ನಟಿ," ಅಂದೆ. ಮೇವಿಸ್ ಸ್ವಲ್ಪ ಹೊತ್ತು ನೋಡಿದಳು.

"ತುಟಿ ಬಣ್ಣ ತಪ್ಪಾಗಿದೆ ಅವಳಿಗೆ," ಅಂದಳು.

ಇಂಥವಳ ಕೈಗೆ ಗಿಲ್ಬರ್ಟ್ ಲಾರ್ನ್ ಬಂದ.

ಗಣಿಯವರ ಮುಷ್ಕರ ಮುಗಿದ ವರ್ಷ ಅದು. ಲಾರ್ನ್ ಯಾರೆಂದು ನಮ್ಮ ವಯಸ್ಸಿನ ಹೆಂಗಸರಿಗೆ ಹೇಳಬೇಕಾಗಿಲ್ಲ. ಹಡಗಿನ ಕಪ್ತಾನನ ಪಾತ್ರ, ಒಂದು ಹುಬ್ಬು ಎತ್ತಿ ನೋಡುವ ನೋಟ, ನುಣ್ಣನೆಯ ಕೆನ್ನೆ. ನನ್ನ ಅಮ್ಮ ಅವನಿಗಾಗಿ ಪಕ್ಕದೂರು ಹ್ಯಾನ್ಲಿಯ ಚಿತ್ರಮಂದಿರದ ಮುಂದೆ ಮಳೆಯಲ್ಲಿ ನಿಂತವಳು. ಅವನು ತೀರಿಕೊಂಡು ಕೆಲವು ವರ್ಷವಾಗಿತ್ತು. ಹೆಂಡತಿ ಒಪ್ಪಿಗೆ ಕೊಟ್ಟು ಜಗ್ಗು ಮಾಡಲು ಬಿಟ್ಟಿದ್ದರು. ಮೊದಲ ಜಗ್ಗನ್ನು ಪುರಭವನದಲ್ಲಿ ಮೇಯರ್ ಕೈಯಿಂದ ಅವರಿಗೆ ಕೊಡುವುದೆಂದು ಗೊತ್ತಾಯಿತು.

ಕಾರ್ಖಾನೆಯ ವಿನ್ಯಾಸ ವಿಭಾಗದಿಂದ ಮಾದರಿ ಜಗ್ಗು ಬಂತು. ನಮ್ಮಲ್ಲಿ ಕ್ರಮ ಹೇಗೆಂದರೆ, ಮಾದರಿಯನ್ನು ಹಿರಿಯ ಕೈಯವಳು ಮುಂದಿಟ್ಟುಕೊಂಡು ಒಂದು ಜಗ್ಗಿಗೆ ಬಣ್ಣ ಹಾಕುತ್ತಾಳೆ. ಆಮೇಲೆ ಮಾದರಿ ಮುಕ್ಕಾಗಬಾರದೆಂದು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಉಳಿದವರೆಲ್ಲ ಅವಳು ಹಾಕಿದ್ದನ್ನು ನೋಡಿ ಹಾಕುವುದು. ಮೇವಿಸ್ ಹಾಕಿದಳು. ಹುಬ್ಬು, ಕಣ್ಣು, ತುಟಿ, ಮತ್ತೆ ಎಡಗೆನ್ನೆಯ ಮೇಲೆ ಒಂದು ಕಪ್ಪು ಮಚ್ಚೆ.

"ಲಾರ್ನ್‌ಗೆ ಮಚ್ಚೆ ಇತ್ತೇನೇ?" ಅಂತ ನಾನು ಕೇಳಿದೆ.

"ಮಾದರಿಗಿತ್ತು," ಅಂದಳು. ಮುಗಿಯಿತು. ನಾವೆಲ್ಲ ಹಾಕಿದೆವು.

ಈಗ ಆ ಜಗ್ಗು ಹೋದ ದಾರಿ ನೋಡಿ. ನಮ್ಮ ಬಣ್ಣದ ಮನೆಯ ಮೇಲ್ವಿಚಾರಕಿ ಡಾಲಿ ಮೇಚಿನ್ ಅದನ್ನು ಎತ್ತಿದಳು, ತಳ ತಿರುಗಿಸಿ ಮೇವಿಸ್‌ಳ ಗುರುತು ನೋಡಿದಳು, ತಲೆ ಆಡಿಸಿದಳು. ಆವಿಗೆಯಿಂದ ಇಳಿಸಿದವನು ತಳದಲ್ಲಿ ಮುದ್ರೆ ಹರಡಿದೆಯೋ ಎಂದು ನೋಡಿದ. ಸರಿಯಿದ್ದದ್ದು ಸರಿಯಿಲ್ಲದ್ದು ಆರಿಸುವ ಮೇಜಿನ ಹೆಂಗಸರು ತಳದ ಅಂಚಿಗೆ ಬೆರಳು ಆಡಿಸಿ ಮುಕ್ಕಿಲ್ಲ ಅಂದರು. ವ್ಯವಸ್ಥಾಪಕ ಹಲ್ಮ್ ಕೋಣೆಯಲ್ಲಿ ಅದನ್ನು ಬೋರಲು ಹಾಕಿ ಮುದ್ರೆಯ ಬಣ್ಣ ಚೆನ್ನಾಗಿ ಬಂದಿದೆ ಎಂದು ಸಂತೋಷಪಟ್ಟರು. ಇಷ್ಟು ಕೈ ದಾಟಿತು, ಒಬ್ಬರಾದರೂ ಆ ಮನುಷ್ಯನ ಮುಖ ನೋಡಿದ್ದರೆ ಕೇಳಿ.

ಪುರಭವನದಲ್ಲಿ ನಾವೆಲ್ಲ ಚಾಪೆಲಿಗೆ ಹೋಗುವ ಬಟ್ಟೆ ಹಾಕಿಕೊಂಡು ಕೂತಿದ್ದೆವು. ಮೇಯರ್ ಜಗ್ಗನ್ನು ಕೈಗೆತ್ತಿಕೊಂಡರು, ಅವರೂ ನಮ್ಮೂರವರೇ, ತಿರುಗಿಸಿ ತಳ ನೋಡಿ "ಒಳ್ಳೆ ಕೆಲಸ" ಅಂದರು. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಶ್ರೀಮತಿ ಲಾರ್ನ್ ಕೈಗೆ ಕೊಟ್ಟರು. ತೆಳ್ಳಗಿನ, ನೆಟ್ಟಗಿನ ಮುದುಕಿ, ಬೂದು ಬಣ್ಣದ ಕೈಗವಸು. ಬೇರೆ ಊರಿನವರು ನೋಡಿ, ಅವರು ನೇರವಾಗಿ ಮುಖ ನೋಡಿದರು.

"ಇದೇನಿದು ಕೆನ್ನೆ ಮೇಲೆ?" ಅಂದರು.

ಹಲ್ಮ್ ಬಗ್ಗಿ ನೋಡಿದರು. "ಮಚ್ಚೆ, ಅಮ್ಮಾ."

"ಆ ಕೆನ್ನೆ ಪಕ್ಕ ನಾನು ಜೀವಮಾನವೆಲ್ಲ ಮಲಗಿದ್ದೀನಿ. ಅಲ್ಲಿ ಮಚ್ಚೆ ಇರಲಿಲ್ಲ."

ಅವರು ಜಗ್ಗನ್ನು ಮೇಜಿನ ಮೇಲಿಟ್ಟು, ಕೈಗವಸು ಸರಿಮಾಡಿಕೊಂಡು, ಚಹಾ ಕುಡಿಯದೆ ಹೊರಟುಹೋದರು. ನನ್ನ ಪಕ್ಕದಲ್ಲಿ ಮೇವಿಸ್ ಮೆಲ್ಲಗೆ ಅಂದಳು, "ಅವರು ಸರಿಯಾಗಿ ನೋಡಿರಲ್ಲ."

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ಮರುದಿನ ಬೀರುವಿನ ಬೀಗ ತೆಗೆದು ಮಾದರಿಯನ್ನು ತಂದರು. ಡಾಲಿ ಅದರ ಕೆನ್ನೆಯ ಮೇಲೆ ಉಗುರು ಎಳೆದಳು. ಬಣ್ಣದ ಚುಕ್ಕೆಯಾದರೆ ಹೊಳಪಿನ ಲೇಪದ ಮೇಲೆ ಕೂತಿರುತ್ತದೆ, ಉಗುರಿಗೆ ತಡೆಯುತ್ತದೆ. ಇದು ತಡೆಯಲಿಲ್ಲ. ಮಣ್ಣಿನಲ್ಲಿದ್ದ ಕಬ್ಬಿಣದ ಕಣ, ಆವಿಗೆಯ ಬೆಂಕಿಗೆ ಕರಗಿ ಹೊಳಪಿನ ಒಳಗೆ ಕಪ್ಪಗೆ ಅರಳಿತ್ತು. ಸುತ್ತ ತುಕ್ಕಿನ ಉಂಗುರ. ಅಂಥ ಚುಕ್ಕೆ ದಿನ ಬೆಳಗಾದರೆ ಬರುತ್ತದೆ, ಹೊಸದಾಗಿ ಸೇರಿದ ಹುಡುಗಿಯೂ ನೋಡಿದ ಕೂಡಲೇ ಇದು ಚುಕ್ಕೆ ಎಂದು ಹೇಳುತ್ತಾಳೆ. ಮೇವಿಸ್ ಅದನ್ನು ಕುಂಚದಿಂದ ನೀಟಾಗಿ ನಕಲು ಮಾಡಿದ್ದಳು, ನಾವೂ ಮಾಡಿದ್ದೆವು, ಒಂದು ಕೋಣೆ ತುಂಬ ಮಚ್ಚೆಯ ಕಪ್ತಾನರು ಸಾಲಾಗಿ ಕೂತಿದ್ದರು.

ಹಲ್ಮ್ ಕೆಟ್ಟವರಲ್ಲ. "ನೋಡು ಮೇವಿಸ್," ಅಂದರು, "ಚುಕ್ಕೆನ ಮಚ್ಚೆ ಅಂದ್ಕೊಂಡೆ, ತಪ್ಪಾಯ್ತು ಅಂತ ಒಂದ್ಮಾತು ಹೇಳ್ಬಿಡು. ಮಾಲೀಕರಿಗೆ ನಾನು ಹೇಳ್ತೀನಿ. ಅಲ್ಲಿಗೆ ಮುಗೀತು."

"ತಪ್ಪೇನಿದೆ ಇದ್ರಲ್ಲಿ? ಮಾದರಿಯಲ್ಲಿತ್ತು, ಹಾಕಿದೆ."

"ಅದು ಕಬ್ಬಿಣದ ಚುಕ್ಕೆ."

"ಮಚ್ಚೆ."

"ಡಾಲಿ ಉಗುರು ಹಾಕಿ ತೋರಿಸಿದ್ಲಲ್ಲ."

"ಡಾಲಿ ಉಗುರು ಡಾಲಿದು."

ಹಲ್ಮ್ ಹಣೆ ಒತ್ತಿಕೊಂಡರು. ಬೇಸಿಗೆಯಲ್ಲಿ ಊರಿನ ಎಲ್ಲ ಕಾರ್ಖಾನೆಗಳೂ ಒಟ್ಟಿಗೆ ಮುಚ್ಚುವ ನಮ್ಮ ರಜೆ ಹತ್ತಿರ ಬಂದಿತ್ತು. ಅಷ್ಟರೊಳಗೆ ಅವಳು ಒಪ್ಪಿಕೊಳ್ಳದಿದ್ದರೆ ರಜೆ ಮುಗಿದ ಮೇಲೆ ಪ್ಯಾಕಿಂಗ್ ಮನೆಗೆ ಹೋಗಬೇಕು, ಕಿಟಕಿಯ ಸ್ಟೂಲು ಬೇರೆಯವಳಿಗೆ, ಎಂದು ಹೇಳಿದರು. ಮೇವಿಸ್ "ಸರಿ" ಅಂದು ಬಂದು ತನ್ನ ಸ್ಟೂಲಿನ ಮೇಲೆ ಕೂತು ಕುಂಚ ನೆನೆಸಿದಳು. ಆ ಸ್ಟೂಲು ಹೋದರೆ ಅವಳ ಹತ್ತಿರ ಏನೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಒಂದು ಮಾತು ಬಾಯಿಂದ ಬೀಳಬಾರದೇ?

ನಾವೆಲ್ಲ ಹೇಳಿ ನೋಡಿದೆವು. ಡಾಲಿ ಗದರಿಸಿದಳು. ಚಾಪೆಲಿನ ಪಾದ್ರಿ ವಿನಯದ ಮೇಲೆ ಒಂದು ಭಾನುವಾರ ಪೂರ್ತಿ ಮಾತಾಡಿದರು, ಇವಳು ಮುಂದಿನ ಸಾಲಿನಲ್ಲಿ ಕೂತು ಬೇರೆ ಯಾರಿಗೋ ಹೇಳುತ್ತಿದ್ದಾರೆ ಎಂಬಂತೆ ತಲೆ ಆಡಿಸಿದಳು. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಬಿಳಿಯ ಲಾರ್ನ್ ಜಗ್ಗೊಂದನ್ನು ತೆಗೆದುಕೊಂಡು ಮಚ್ಚೆ ಇಲ್ಲದೆ ಬಣ್ಣ ಹಾಕಿ, ಆವಿಗೆಗೆ ಕಳಿಸಿ, ಚೀಲದಲ್ಲಿ ಹಾಕಿಕೊಂಡು ಅವಳ ಮನೆಗೆ ಹೋದೆ. ಎಷ್ಟು ಚೆನ್ನಾಗಿ ಕಾಣುತ್ತಾನೆ ನೋಡು ಎಂದು ತೋರಿಸಿದರೆ ಆ ಕಲ್ಲು ಕರಗಬಹುದೆಂದು ನನ್ನ ಎಣಿಕೆ.

ಗುರುವಾರ ಸಂಜೆ. ಅವಳು ಚೀಸ್ ಹಾಕಿದ ಓಟ್‌ಕೇಕು ಬಿಸಿ ಮಾಡುತ್ತಿದ್ದಳು. ನಾನು ಕೋಟು ಕೂಡ ಬಿಚ್ಚದೆ ಶುರುಮಾಡಿದೆ.

"ನಿಂಗೇನು ತಲೆ ಕೆಟ್ಟಿದ್ಯಾ ಮೇವಿಸ್? ಒಂದು ಮಾತು. ತಪ್ಪಾಯ್ತು. ಹೇಳಿದ್ರೆ ನಾಲಿಗೆ ಸವೆದು ಹೋಗತ್ತಾ?"

"ಕೂತ್ಕೋ ಡಕ್, ಆರಿಹೋಗತ್ತೆ," ಅಂದಳು. ನಮ್ಮೂರಲ್ಲಿ ಗಂಡಸಾಗಲಿ ಹೆಂಗಸಾಗಲಿ ಎಲ್ಲರಿಗೂ ಎಲ್ಲರೂ ಡಕ್ಕೇ. ಸಿಟ್ಟು ಬಂದಾಗ ಅದನ್ನು ಕೇಳಿದರೆ ಇನ್ನೂ ಮೈ ಉರಿಯುತ್ತದೆ.

"ಪ್ಯಾಕಿಂಗ್ ಮನೆಯಲ್ಲಿ ಪೆಟ್ಟಿಗೆಗೆ ಕಾಗದ ತುರುಕ್ತಾ ಸಾಯ್ತೀಯಾ. ಅದೇ ಬೇಕಾ ನಿಂಗೆ?"

"ಬೇಡ."

"ಮತ್ತೆ?"

ಅವಳು ತವೆಯ ಕಡೆ ತಿರುಗಿದಳು. ನಾನು ಚೀಲದಿಂದ ಜಗ್ಗು ತೆಗೆದು ಅವಳ ಮುಂದೆ ಕುಕ್ಕಿದೆ. "ಇದನ್ನ ನೋಡು."

ಅವಳು ಎತ್ತಿಕೊಂಡಳು. ಅಭ್ಯಾಸದಂತೆ ಬೋರಲು ಹಾಕಿ ಹೆಬ್ಬೆರಳಿನಿಂದ ತಳ ಸವರಿದಳು. ನೆಟ್ಟಗೆ ಮಾಡಿ ಮೂಗಿನ ಹತ್ತಿರ ತಂದಳು. ಮುಖದಲ್ಲಿ ಗೆಲುವು ಬಂತು.

"ನೋಡು ನೀನೇ," ಅಂದಳು. ಏನೂ ಇಲ್ಲದ ನುಣ್ಣನೆಯ ಎಡಗೆನ್ನೆಯ ಮೇಲೆ ಬೆರಳಿಟ್ಟಳು. "ಎಷ್ಟು ಚೆನ್ನಾಗಿ ಒಪ್ಪತ್ತೆ ಇವನಿಗೆ ಮಚ್ಚೆ. ಇದನ್ನ ತಪ್ಪು ಅಂತೀರಲ್ಲ, ನಿಮಗೆಲ್ಲ ಕಣ್ಣು ಕಾಣಲ್ವಾ?"

ನಾನು ಕುರ್ಚಿ ಎಳೆದು ಕೂತೆ. ಒಲೆಯ ಮೇಲೆ ಓಟ್‌ಕೇಕು ಸೀಯತೊಡಗಿತು. ಅವಳು ಅದನ್ನು ವಾಸನೆಯಿಂದ ತಿಳಿದಳು, ತವೆಯ ಹಿಡಿಯನ್ನು ಕೈಯಿಂದ ತಡಕಿ ಹಿಡಿದಳು. ಚಹಾ ಬಗ್ಗಿಸುವಾಗ ಕಪ್ಪಿನ ಅಂಚಿನೊಳಗೆ ಬೆರಳು ಇಟ್ಟುಕೊಂಡಳು. ಇಷ್ಟು ವರ್ಷ ವಾರವಾರ ಅದೇ ಅಡುಗೆಮನೆಯಲ್ಲಿ ಕೂತು ಹೊಟ್ಟೆ ತುಂಬ ತಿಂದವಳು ನಾನು.

"ಮೇವಿಸ್," ಅಂದೆ, "ಆ ಜಗ್ಗಿಗೆ ಮಚ್ಚೆ ಇಲ್ಲ ಕಣೇ. ನಾನು ಹಾಕೇ ಇಲ್ಲ."

ಅವಳು ಕೆಟಲ್ ಕೆಳಗಿಟ್ಟಳು. ಬಹಳ ಹೊತ್ತು ಜಗ್ಗಿನ ಕೆನ್ನೆಯನ್ನು ಸವರುತ್ತಾ ಕೂತಳು.

"ಎಷ್ಟು ದಿನದಿಂದ?" ಅಂತ ಕೇಳಿದೆ.

"ನಿಧಾನಕ್ಕೆ ಬಂತು. ಮೊದ್ಲು ಕಿಟಕಿ ಗಾಜು ಕೊಳೆ ಆಗಿದೆ ಅಂದ್ಕೊಂಡೆ. ತಿಕ್ಕಿ ತಿಕ್ಕಿ ತೊಳೆದೆ."

"ಮತ್ತೆ ಬಣ್ಣ ಹೇಗೆ ಹಾಕ್ತಿದ್ದೆ?"

"ರೆಪ್ಪೆ ಅಂಚು ಉಬ್ಬಿರತ್ತಲ್ಲ, ಕುಂಚಕ್ಕೆ ಸಿಗತ್ತೆ. ತುಟಿನೂ ಸಿಗತ್ತೆ. ಕೈಗೆ ದಾರಿ ಗೊತ್ತು. ಆ ಚುಕ್ಕೆ ಕಪ್ಪಗೆ ಕಂಡ್ತು, ಮಚ್ಚೆ ಅಂದ್ಕೊಂಡೆ. ಮುಟ್ಟಿ ನೋಡೋಷ್ಟು ಅನುಮಾನನೇ ಬರ್ಲಿಲ್ಲ."

"ಅಷ್ಟು ಹೇಳೋಕೆ ಏನಾಗಿತ್ತೇ ನಿಂಗೆ, ಪುಣ್ಯಾತ್ಗಿತ್ತಿ?"

"ಹೇಳಿದ್ರೆ?" ಅಂದಳು. "ಚುಕ್ಕೆನ ಮಚ್ಚೆ ಅಂದ್ಕೊಂಡೆ ಅಂದ್ರೆ, ಹಲ್ಮ್ ಮುಂದಿನ ಪ್ರಶ್ನೆ ಏನ್ ಕೇಳ್ತಿದ್ರು? ಇಷ್ಟು ವರ್ಷದ ಕೈ, ಅಷ್ಟೂ ಕಾಣ್ಲಿಲ್ವಾ ಅಂತ ಕೇಳ್ತಿದ್ರು. ಕಣ್ಣಿಗೆ ದೀಪ ಹಿಡೀತಿದ್ರು. ಮೊಂಡಿ ಅಂದ್ರೆ ಬೈದು ಬಿಡ್ತಾರೆ, ಬೆರಿಲ್. ಕುರುಡಿ ಅಂದ್ರೆ ಎಬ್ಬಿಸಿ ಕಳಿಸ್ತಾರೆ."

ನನಗೆ ಅಳು ಬಂತು, ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸುಟ್ಟ ಓಟ್‌ಕೇಕನ್ನು ಇಬ್ಬರೂ ತಿಂದೆವು.

ಮರುವಾರ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಎಳೆದುಕೊಂಡೇ, ಬಸ್ ನಿಲ್ದಾಣದ ಕಂಬವನ್ನು ತಬ್ಬಿಕೊಂಡು ನಿಂತಿದ್ದಳು. ಎರಡೂ ಕಣ್ಣಿಗೆ ಪೊರೆ, ತೆಗೆಯಬಹುದು ಎಂದು ವೈದ್ಯರು ಹೇಳಿದರು. ನಾನು ಡಾಲಿಗೆ ಒಬ್ಬಳಿಗೇ ನಿಜ ಹೇಳಿದೆ. ಡಾಲಿ ಹಲ್ಮ್ ಹತ್ತಿರ ಹೋಗಿ ಮೇವಿಸ್‌ಗೆ ಹೆಂಗಸರ ಹೊಟ್ಟೆಯ ಆಪರೇಷನ್ ಎಂದಳು. ಹೆಂಗಸರ ಹೊಟ್ಟೆ ಎಂದ ಮೇಲೆ ಹಲ್ಮ್ ಇನ್ನೊಂದು ಮಾತು ಕೇಳುತ್ತಾರೆಯೇ? ಕಿವಿ ಕೆಂಪಾಗಿ, ಆಗಲಿ ಆಗಲಿ ಅಂದರು. ಕಿಟಕಿಯ ಸ್ಟೂಲಿನ ಮೇಲೆ ಡಾಲಿ ಒಂದು ಟರ್ಪೆಂಟೈನ್ ಡಬ್ಬ ಇಟ್ಟಳು. ರಜೆ ಬಂದು ಹೋಯಿತು, ಎಲೆ ಉದುರುವ ಕಾಲ ಬಂತು, ಆ ಡಬ್ಬವನ್ನು ಯಾರೂ ಎತ್ತಲಿಲ್ಲ.

ಎರಡನೆಯ ಕಣ್ಣಿನ ಪಟ್ಟಿ ಬಿಚ್ಚುವಾಗ ನಾನು ಮಂಚದ ಪಕ್ಕ ಇದ್ದೆ. ಮೇವಿಸ್ ಗೋಡೆ ನೋಡಿದಳು, ನರ್ಸನ್ನು ನೋಡಿದಳು, ನನ್ನನ್ನು ನೋಡಿದಳು.

"ಬೆರಿಲ್, ನಿನ್ನ ಮುಖಕ್ಕೆ ಏನಾಯ್ತೇ?"

"ವಯಸ್ಸಾಯ್ತು."

"ಯಾವಾಗ?"

ನರ್ಸ್ ನಕ್ಕಳು. ನಾನು ನಗಲಿಲ್ಲ. ಇವಳಿಗಾಗಿ ಎಷ್ಟು ಬಸ್ಸು ಹತ್ತಿ ಇಳಿದಿದ್ದೇನೆ, ಸಿಕ್ಕಿದ ಉಪಕಾರ ಇದು.

ಅಷ್ಟರಲ್ಲಿ ಲೋಕವೇ ತಲೆಕೆಳಗಾಗಿತ್ತು. ಮಚ್ಚೆ ಇಲ್ಲದ ಹೊಸ ಲಾರ್ನ್ ಮಾಡಿ ಅವನ ಹೆಂಡತಿಗೆ ಕಳಿಸಿದ್ದರು. ಅಂಗಡಿಗೆ ಹೋಗದೆ ಉಳಿದ ಮಚ್ಚೆಯವನ್ನು ಸುತ್ತಿಗೆಯಿಂದ ಒಡೆದು ಹಿತ್ತಲಿನ ಚೂರಿನ ಗುಡ್ಡಕ್ಕೆ ಸುರಿದಿದ್ದರು. ಇಂಥವನ್ನು ಸಂಗ್ರಹಿಸುವ ಹುಚ್ಚಿನ ಜನ ಇದ್ದಾರಲ್ಲ, ಅವರಿಗೆ ಸುದ್ದಿ ಸಿಕ್ಕಿ, ಮಚ್ಚೆ ಇರುವುದೇ ಬೇಕು ಎಂದು ಹಲ್ಮ್ ಫೋನಿಗೆ ಬಿಡುವೇ ಇಲ್ಲದಂತೆ ಮಾಡಿದ್ದರು. ಒಡೆದದ್ದಕ್ಕೆ ಹಲ್ಮ್ ಈಗ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ತಪ್ಪು ಒಪ್ಪಿಕೋ ಎಂದು ಯಾರೂ ಕೇಳುವ ಹಾಗೇ ಇರಲಿಲ್ಲ. ಸ್ಟೂಲು ಉಳಿಯಿತು, ಕಣ್ಣು ಬಂತು. ನಾನು ಚಾಪೆಲಿನಲ್ಲಿ ದೇವರಿಗೆ ಥ್ಯಾಂಕ್ಸ್ ಹೇಳಿದೆ, ಅವಸರಪಟ್ಟುಬಿಟ್ಟೆ.

ದಪ್ಪ ಕನ್ನಡಕ ಹಾಕಿಕೊಂಡು ಅವಳು ಕೆಲಸಕ್ಕೆ ಬಂದ ದಿನ ಎಲ್ಲರೂ ಎದ್ದು ನಿಂತೆವು. ಡಾಲಿ ಡಬ್ಬ ಎತ್ತಿದಳು. ಮೇವಿಸ್ ಕೂರಲಿಲ್ಲ. ಗೋಡೆಯ ಹಲಗೆಯ ಮೇಲೆ ಅವಳೇ ಹಿಂದಿನ ವರ್ಷಗಳಲ್ಲಿ ಹಾಕಿದ ಜಗ್ಗುಗಳು ಸಾಲಾಗಿದ್ದವು. ಹೋಗಿ ಒಂದನ್ನು ಎತ್ತಿದಳು. ಮುಖ ನೋಡಿದಳು. ಕೆಳಗಿಟ್ಟು ಇನ್ನೊಂದನ್ನು ಎತ್ತಿದಳು. ಒಂದೊಂದನ್ನೂ ನೋಡಿದಳು.

"ಕಣ್ಣು ನೋಡಿದೀರಾ ಇವ್ರದು?" ಅಂದಳು. "ಒಂದು ಹ್ಯಾನ್ಲಿ ಕಡೆ, ಒಂದು ಟನ್‌ಸ್ಟಾಲ್ ಕಡೆ."

ಹ್ಯಾನ್ಲಿ ನಮ್ಮೂರಿಗೆ ದಕ್ಷಿಣ, ಟನ್‌ಸ್ಟಾಲ್ ಉತ್ತರ. ಅವಳು ಹೇಳಿದ ಮೇಲೆ ನಮಗೂ ಕಂಡಿತು. ಕೆಂಪು ತಲೆಯವಳ ತುಟಿ ಗಲ್ಲಕ್ಕೆ ಇಳಿದಿತ್ತು. ತೆಳು ಮೀಸೆಯವನ ಒಂದು ಹುಬ್ಬು ಕೂದಲಿನೊಳಗೆ ಹೋಗಿತ್ತು. ಈ ಮುಖಗಳನ್ನೇ ನಾವು ವರ್ಷಗಟ್ಟಲೆ ತಳ ನೋಡಿ, ತಲೆ ಆಡಿಸಿ ಕಳಿಸಿದ್ದೆವು.

ಆಮೇಲೆ ಅವಳು ಕೂತಳು, ಕುಂಚ ತೆಗೆದುಕೊಂಡು ಒಂದು ಕಣ್ಣು ಬರೆಯಲು ಹೋದಳು. ಮೊದಲು ಕೈ ತಾನಾಗಿ ಹೋಗುತ್ತಿತ್ತು. ಈಗ ಕಣ್ಣು ನೋಡುತ್ತಿದೆ, ಕೈ ಹೆದರುತ್ತಿದೆ. ಗೆರೆ ಡೊಂಕಾಯಿತು. ಒರೆಸಿದಳು. ಮತ್ತೆ ಹಾಕಿದಳು, ಮತ್ತೆ ಒರೆಸಿದಳು. ಊಟದ ಗಂಟೆ ಹೊಡೆಯುವ ಹೊತ್ತಿಗೆ ಕುಂಚ ತೊಳೆದು, ಒರೆಸಿ, ನನ್ನ ಮುಂದಿಟ್ಟು ಎದ್ದಳು.

"ಎಲ್ಲಿಗೇ?" ಅಂದೆ.

"ಹಲ್ಮ್ ಹತ್ರ."

ಅವಳ ಹಿಂದೆಯೇ ಓಡಿದೆ. ಹಲ್ಮ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಮೇವಿಸ್ ಬಾಗಿಲಲ್ಲೇ ನಿಂತು ಹೇಳಿದಳು, "ಆ ಚುಕ್ಕೆನ ಮಚ್ಚೆ ಅಂದ್ಕೊಂಡೆ. ತಪ್ಪು ನಂದೇ."

ಹಲ್ಮ್ ಗಲಿಬಿಲಿಯಾದರು. "ಅದೆಲ್ಲ ಹೋಗ್ಲಿ ಬಿಡು ಮೇವಿಸ್. ಅದು ಒಳ್ಳೇದೇ ಆಯ್ತು."

"ಒಳ್ಳೇದಾಗ್ಲಿಲ್ಲ. ನನ್ನ ಸ್ಟೂಲು ಬೇರೆಯವರಿಗೆ ಕೊಡಿ. ಆರಿಸೋ ಮೇಜಲ್ಲಿ ನನ್ನ ಹಾಕಿ. ಅಲ್ಲಿ ಮುಖ ನೋಡೋರು ಒಬ್ರಾದ್ರೂ ಬೇಕು."

ಕೇಳಿದಿರಾ? ಎಲ್ಲರೂ ಕಾಲು ಹಿಡಿದು ಕೇಳಿದಾಗ ಆಡದ ಮಾತು. ಆ ಸ್ಟೂಲಿಗಾಗಿ ನಾನು ಸುಳ್ಳು ಹೇಳಿಸಿ, ಕಂಬದಿಂದ ಬಿಡಿಸಿ, ಆಸ್ಪತ್ರೆಗೆ ಅಲೆದು ಉಳಿಸಿಕೊಟ್ಟರೆ, ಯಾರೂ ಕೇಳದಿದ್ದಾಗ ಒಪ್ಪಿಕೊಂಡು ಕೈಯಾರೆ ಬಿಟ್ಟುಕೊಟ್ಟಳು. ಮೆಟ್ಟಿಲಲ್ಲಿ ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈದೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ಕಿಟಕಿ ಜಾಗ ಈಗ ನಿಂದು, ಹೋಗು," ಅಂದಳು.

ಆರಿಸುವ ಮೇಜಿಗೆ ಹೋದ ಮೇಲೆ ಅವಳ ಕಾಟ ಇಮ್ಮಡಿಯಾಯಿತು. ಒಂದೊಂದು ಮುಖವನ್ನೂ ನೋಡುತ್ತಿದ್ದಳು. ಸರಿಯಿಲ್ಲದ್ದಕ್ಕೆ ಮೇಣದ ಕಡ್ಡಿಯಿಂದ ಗುರುತು ಹಾಕಿ ಮೇಲಕ್ಕೆ ವಾಪಸು ಕಳಿಸುತ್ತಿದ್ದಳು. ಹುಡುಗಿಯರು ಶಪಿಸುತ್ತಿದ್ದರು. ನನ್ನವು ಬರುತ್ತಿರಲಿಲ್ಲ. ನಾನು ಕಿಟಕಿಯ ಬೆಳಕಿನಲ್ಲಿ ಕೂತು, ಹಿರಿಯ ಕೈಯಾಗಿ, ಇತರರ ಮಾಲು ವಾಪಸು ಬಂದಾಗ ಒಳಗೊಳಗೇ ನಗುತ್ತಿದ್ದೆ. ಹೀಗೆ ಕೆಲವು ವರ್ಷ ಸಾಗಿತು. ನನ್ನ ಗಂಡನೂ ತೀರಿಕೊಂಡ. ಮಗಳು ಚೆಲ್ಟನ್‌ಹ್ಯಾಮಿನಲ್ಲೇ ಉಳಿದಳು.

ಒಂದು ಬೆಳಿಗ್ಗೆ ನನ್ನ ಜಗ್ಗೊಂದು ವಾಪಸು ಬಂತು. ಎಡಗಣ್ಣಿನ ಪಕ್ಕ ಮೇಣದ ಗುರುತು. ಅದನ್ನು ಹಿಡಿದುಕೊಂಡು ಧಡಧಡ ಕೆಳಗಿಳಿದೆ.

"ಏನೇ ತಪ್ಪು ಇದ್ರಲ್ಲಿ?"

ಮೇವಿಸ್ ಜಗ್ಗನ್ನು ನನ್ನ ಕೈಯಿಂದ ತೆಗೆದು ಬೆಳಕಿಗೆ ತಿರುಗಿಸಿದಳು. "ಎಡಗಣ್ಣು ನೋಡು."

ನೋಡಿದೆ. ಹತ್ತಿರ ಹಿಡಿದು ನೋಡಿದೆ, ದೂರ ಹಿಡಿದು ನೋಡಿದೆ. ಎಂದಿನಂತೆಯೇ ಇತ್ತು.

"ಸರಿಯಾಗಿದೆಯಲ್ಲ," ಅಂದೆ. "ನಿಂಗೆ ಎಲ್ಲದ್ರಲ್ಲೂ ಹುಳುಕು."

ಮೇಜಿನ ಹೆಂಗಸರು ಕೆಲಸ ನಿಲ್ಲಿಸಿ ಜಗ್ಗನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮೇವಿಸ್ ನನ್ನ ಕಿವಿಯ ಹತ್ತಿರ ಬಗ್ಗಿ, ಇತರರಿಗೆ ಕೇಳದ ಹಾಗೆ ಹೇಳಿದಳು.

"ಪಾಪೆನೇ ಹಾಕಿಲ್ಲ ಕಣೇ ನೀನು. ಬರೀ ಬಿಳಿ ಇದೆ."

ನಾನು ಜಗ್ಗನ್ನು ಕಿತ್ತುಕೊಂಡು ಮೆಟ್ಟಿಲು ಹತ್ತಿ ಬಂದು ನನ್ನ ಸ್ಟೂಲಿನ ಮೇಲೆ ಕೂತೆ. ಕುಂಚ ಅದ್ದಿದೆ. ಬಿಳಿ ಎಲ್ಲಿದೆ ಎಂದು ಹುಡುಕಿದೆ. ಹಿಂದೆಯೇ ಅವಳು ಬಂದಳು, ಮೊಳೆಯಿಂದ ನನ್ನ ಕೋಟು ತೆಗೆದುಕೊಂಡಳು, ಆಸ್ಪತ್ರೆಯ ಬಸ್ಸಿಗೆ ಹೊರಡಿಸುವವಳಂತೆ ಅದನ್ನು ಬಿಡಿಸಿ ಹಿಡಿದು ನನ್ನ ಬೆನ್ನ ಹಿಂದೆ ನಿಂತಳು. ನಾನು ತಿರುಗಲಿಲ್ಲ. ಊಟದ ಗಂಟೆ ಹೊಡೆಯಿತು, ಎಲ್ಲರೂ ಇಳಿದುಹೋದರು, ಅವಳು ನಿಂತೇ ಇದ್ದಳು.